ನೀರು ಬಿಟ್ಟ ತಿಂಗಳ ಚಿತ್ರ

ಶಹಾಪುರದಲ್ಲಿ ಬಸ್ ತಪ್ಪಿ, ಝೆರಾಕ್ಸ್ ಅಂಗಡಿಯ ನೆರಳಿಗೆ ನಿಂತೆ. ಒಳಗೆ ವಡಗೇರಾ ಕಡೆಯ ರೈತ ಮಹಿಳೆ ಶರಣಮ್ಮ ಕಾಲುವೆಯೊಂದು ಇತ್ತೆಂಬುದಕ್ಕೆ ಸಾಕ್ಷಿ ಹುಡುಕುತ್ತಿದ್ದರು. ಮೇಲಿನ ಹೊಲದವನು ಅದನ್ನು ಮುಚ್ಚಿ, ಅಲ್ಲಿದ್ದದ್ದು ಬಂಡಿದಾರಿ ಎನ್ನುತ್ತಾನೆ. ತೆರೆಸದಿದ್ದರೆ ಇವರ ಭತ್ತಕ್ಕೆ ನೀರಿಲ್ಲ.

ಅಂಗಡಿಯವರು ಕಂಪ್ಯೂಟರಿನಲ್ಲಿ ಉಪಗ್ರಹ ನಕ್ಷೆ ತೆರೆದು, ವರ್ಷ ಹಿಂದಕ್ಕೆ ಸರಿಸಿ ನಕ್ಕರು. “ಹಳೀ ಫೋಟೋದಾಗೂ ದಾರಿನೇ ಅದ ನೋಡ್ರಿ ಯವ್ವಾ.”

“ಅದು ಬ್ಯಾಸಗಿ ಫೋಟೋ. ನೀರು ಬಂದ್ ಆದ್ರ ದೊಡ್ಡ ಕೆನಾಲೂ ದಾರಿ ಕಂಡಂಗ ಕಾಣ್ತದ. ವರ್ಷ ನೋಡಬ್ಯಾಡಣ್ಣಾ, ನೀರು ಬಿಟ್ಟ ತಿಂಗಳು ನೋಡು.”

ಅಂಗಡಿಯವರು ಚಿತ್ರಗಳನ್ನು ಒಂದೊಂದಾಗಿ ಸರಿಸಿದರು. ಒಂದು ನವೆಂಬರಿನಲ್ಲಿ ಅದೇ ಗೆರೆ ನೀರು ತುಂಬಿ ಕಪ್ಪಗೆ ಕಂಡಿತು.

“ತಾರೀಖು ಕಾಣೂಹಂಗ ಎರಡು ಪ್ರಿಂಟ್ ತೆಗಿ,” ಎಂದರು ಶರಣಮ್ಮ. “ಒಂದು ನೀರಾವರಿ ಆಫೀಸಿಗಿ. ಇನ್ನೊಂದು ಅವನ ಬಾಗಿಲಿಗಿ ಹಚ್ಚತೀನಿ.”