ಊರ ಹೆಸರು ಹೇಳದ ಖಾಸಿಂಬೀ

ಬೆಳಗಿನ ಐದೂಮುಕ್ಕಾಲು. ಮೈದಾನದಲ್ಲಿ ಎರಡು ಕಂಬಗಳ ನಡುವೆ ಹುಡುಗಿಯರು ಖೋಖೋ ಸಾಲಿನಲ್ಲಿ ಕೂತಿದ್ದಾರೆ. ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡ ಖಾಸಿಂಬೀ ಯಾರು ಯಾರ ಜೊತೆ ಬಂದರು ಎಂದು ಹಾಜರಿ ಪುಸ್ತಕದಲ್ಲಿ ಬರೆಯುತ್ತಿದ್ದಾರೆ. ಫೋನು ಮೂರನೇ ಸಲ ರಿಂಗಾಗುತ್ತದೆ. ಅವರು ಇನ್ನೊಂದು ಪುಸ್ತಕ ತೆಗೆದು, ಸ್ಪೀಕರ್ ಹಾಕಿ, ಪೆನ್ನು ಹಿಡಿಯುತ್ತಾರೆ. ಆ ಕಡೆ ಒಂದು ಯೂಟ್ಯೂಬ್ ಚಾನೆಲ್ಲಿನವರು.

"ಮೇಡಂ, ಒಂದೇ ಮಾತು. ಆ ಹುಡುಗಿ ಯಾವ ಊರಾಕಿ?"

"ನಿನ್ನೆನೂ ಇದನ್ನ ಕೇಳಿದ್ರಿ. ನಿನ್ನೆ ಹೇಳಿಲ್ಲ, ಇವತ್ತೂ ಹೇಳೂದಿಲ್ರಿ."

"ಊರು ಬ್ಯಾಡ, ತಾಲ್ಲೂಕರ ಹೇಳ್ರಿ. ಮುಖಕ್ಕ ಬ್ಲರ್ ಹಾಕ್ತೀವಿ."

"ಹೋದ ವರ್ಷ ಇನ್ನೊಂದು ಸುದ್ದಿಗೆ ಹಾಕಿದ್ರಲ್ರೀ ಬ್ಲರ್. ಮುಖಕ್ಕ ಬ್ಲರ್, ಹಿಂದಿನ ಗ್ವಾಡಿ ಮ್ಯಾಲ ಸಾಲಿ ಹೆಸರು ಸ್ವಚ್ಛ ಕಾಣಾಕತ್ತಿತ್ತು."

ಆ ಕಡೆಯವರು ನಗುತ್ತಾರೆ. ಇವರು ನಗುವುದಿಲ್ಲ. ಹೆಸರು, ಚಾನೆಲ್ಲು, ಪ್ರಶ್ನೆ, ಉತ್ತರ ಎಲ್ಲವನ್ನೂ ಬರೆದು ಫೋನು ಇಡುತ್ತಾರೆ. "ಇನ್‌ಕು ಕಿತ್ತಾ ಬೋಲ್ನಾ," ಎಂದು ತಮ್ಮಷ್ಟಕ್ಕೆ ಗೊಣಗುತ್ತಾರೆ. ಇವರಿಗೆ ಇನ್ನೆಷ್ಟು ಸಲ ಹೇಳಬೇಕೋ ಎಂದು.

ಖಾಸಿಂಬೀಗೆ ನಲವತ್ಮೂರು ವರ್ಷ. ಮಸ್ಕಿಯ ಬಸ್ ನಿಲ್ದಾಣದ ಹತ್ತಿರ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ನಡೆಸುತ್ತಾರೆ. ಸಿಂಧನೂರು, ಲಿಂಗಸುಗೂರು, ಮಸ್ಕಿ, ಮೂರೂ ತಾಲ್ಲೂಕಿನ ಮಕ್ಕಳು ಬರುವ ಒಂದು ಖೋಖೋ ಕ್ಲಬ್ಬಿಗೆ ಕಾರ್ಯದರ್ಶಿ. ಕ್ಲಬ್ಬಿನ ಹೆಸರನ್ನಾಗಲಿ, ಮೈದಾನ ಯಾವ ಊರಿನದು ಎಂಬುದನ್ನಾಗಲಿ ಇಲ್ಲಿ ಬರೆಯುತ್ತಿಲ್ಲ. ಅವರು ಮಾತಿಗೆ ಒಪ್ಪಿದ್ದೇ ಆ ಷರತ್ತಿನ ಮೇಲೆ. ತಮ್ಮ ಹೆಸರು ಹಾಕಬಹುದು ಎಂದರು, ಅದು ಈಗಾಗಲೇ ಎಲ್ಲ ಚಾನೆಲ್ಲಿನವರ ಫೋನಿನಲ್ಲಿದೆ.

ಎರಡು ವರ್ಷದ ಹಿಂದೆ ಬೇಸಿಗೆ ಶಿಬಿರಕ್ಕೆ ಬಂದಿದ್ದ ಒಬ್ಬ ತರಬೇತುದಾರ ಹುಡುಗಿಯೊಬ್ಬಳಿಗೆ ಕೆಟ್ಟ ಸಂದೇಶ ಕಳಿಸುತ್ತಿದ್ದ. ಅವಳು ಅದನ್ನು ಮಹಿಳಾ ತರಬೇತುದಾರರಾದ ಪದ್ಮಾವತಿಯವರಿಗೆ ತೋರಿಸಿದಳು. ಕ್ಲಬ್ಬು ಅದೇ ದಿನ ಪೊಲೀಸರಿಗೂ ಮಕ್ಕಳ ರಕ್ಷಣಾ ಘಟಕಕ್ಕೂ ತಿಳಿಸಿ, ಅವನನ್ನು ಹೊರಗೆ ಹಾಕಿತು. ಪ್ರಕರಣ ನ್ಯಾಯಾಲಯದಲ್ಲಿದೆ. ಸುದ್ದಿ ಹೊರಬಿದ್ದ ಮೊದಲ ಮೂರು ವಾರದಲ್ಲಿ ಬಂದ ಕರೆ ನೂರ ನಲವತ್ಮೂರು. ಈಗಲೂ ಕೋರ್ಟಿನ ಪ್ರತಿ ತಾರೀಖಿಗೆ ಹತ್ತು ಹದಿನೈದು ಕರೆ ಬರುತ್ತವೆ.

ಈ ಕರೆಗಳಿಗೆ ಉತ್ತರ ಕೊಡುವ ಕೆಲಸ ಇವರ ಪಾಲಿಗೆ ಬಂದ ಬಗೆ ಹೀಗೆ. "ಊರ ಮಂದಿ ಜಯಂತಿ, ಉದ್ಘಾಟನೆ ಎಲ್ಲಾದರ ಪ್ರಕಟಣೆ ಟೈಪ್ ಮಾಡೋದು ನಾನ. ಪತ್ರಿಕಿಯವರು ನಿನಗ ಗೊತ್ತು, ನೀನ ಮಾತಾಡು ಅಂದ್ರು. ಕ್ಲಬ್ಬಿನ ಮೀಟಿಂಗಿನ್ಯಾಗ ಹನ್ನೊಂದು ಮಂದಿ ಗಂಡಸರಿದ್ರು, ಪತ್ರಿಕಿಯವರು ಮಾಡಿದಾಗ ಒಬ್ಬರ ಫೋನೂ ಹತ್ತಲಿಲ್ಲ ನೋಡ್ರಿ."

ಮೊದಲ ವಾರ ನಿದ್ದೆಯಿರಲಿಲ್ಲ. ಪೋಕ್ಸೊ ಕಾಯ್ದೆಯಲ್ಲಿ ಏನಿದೆ ಎಂದು ವಕೀಲರ ಬಳಿ ಎರಡು ಸಲ ಕೇಳಿ ಬರೆದುಕೊಂಡರು. ಮಗುವಿನ ಹೆಸರು, ಮನೆ, ಶಾಲೆ, ಫೋಟೋ, ಗುರುತು ಸಿಗುವ ಯಾವ ವಿವರವೂ ಹೊರಗೆ ಹೋಗಬಾರದು. ಒಂದು ಹಾಳೆಯ ಎಡಕ್ಕೆ ಹೇಳುವ ಮಾತು, ಬಲಕ್ಕೆ ಹೇಳದ ಮಾತು ಟೈಪ್ ಮಾಡಿ ಲ್ಯಾಮಿನೇಷನ್ ಹಾಕಿದರು. ದೂರು ಬಂದ ದಿನ, ಕ್ಲಬ್ಬು ಮಾಡಿದ್ದು, ಈಗಿನ ನಿಯಮ: ಇವೆಲ್ಲ ಎಡಕ್ಕೆ. ಯಾರು ಕೇಳಿದರೂ ಅದೇ ಮಾತು, ಅದೇ ಕ್ರಮದಲ್ಲಿ.

ಬಲಗಡೆಯದನ್ನು ಹೊರತೆಗೆಯಲು ಜನ ಹೂಡುವ ಆಟಕ್ಕೆ ಕೊನೆಯಿಲ್ಲ. ಒಬ್ಬರು ಹುಡುಗಿಯ ಸೋದರಮಾವ ಎಂದು ಫೋನು ಮಾಡಿದ್ದರು. "ಏನ್ರಿ ಮಾವಾ, ಸೊಸಿ ಹೆಸರು ನನ್ನನ್ನ ಕೇಳಾಕತ್ತೀರಿ ಅಂದೆ. ಕಟ್ ಮಾಡಿದ." ಈ ಬರಹಕ್ಕೆಂದು ಬಂದ ನಾನೂ ಅದೇ ತಪ್ಪು ಮಾಡಿದೆ. ಕೂತ ಐದು ನಿಮಿಷಕ್ಕೆ, ಹುಡುಗಿ ಎಷ್ಟನೇ ಕ್ಲಾಸು ಎಂದು ಕೇಳಿದೆ. ಅವರು ಪುಸ್ತಕ ತೆಗೆದು ನನ್ನ ಹೆಸರನ್ನೂ ಬರೆದುಕೊಂಡರು.

ಆದರೆ ಅವರ ಜೀವ ಬಾಯಿಗೆ ತಂದದ್ದು ಹೊರಗಿನವರಲ್ಲ. ಆರೋಪಪಟ್ಟಿ ಸಲ್ಲಿಕೆಯಾದ ಮರುದಿನ ಬೆಳಿಗ್ಗೆ ಮೈದಾನಕ್ಕೆ ಹೊರಟವರು ಸರ್ಕಲ್ಲಿನಲ್ಲಿ ಗಾಡಿ ನಿಲ್ಲಿಸಿದರು. ಎಂಟು ಅಡಿಯ ಹೊಸ ಫ್ಲೆಕ್ಸು. 'ಧೈರ್ಯ ಮೆರೆದ ನಮ್ಮ ಹೆಮ್ಮೆಯ ಕ್ರೀಡಾಪಟುವಿಗೆ ಹಾರ್ದಿಕ ಅಭಿನಂದನೆಗಳು.' ನಡುವೆ ಗೆದ್ದ ಕಪ್ ಹಿಡಿದ ಅದೇ ಹುಡುಗಿಯ ಫೋಟೋ. ಕೆಳಗೆ ಕೈಮುಗಿದ ಕ್ಲಬ್ಬಿನ ಅಧ್ಯಕ್ಷ ಶಿವಕಾಂತ.

ಇಲ್ಲಿ ಹತ್ತನೇ ಕ್ಲಾಸು ಪಾಸಾದರೂ ಫ್ಲೆಕ್ಸು, ಸೊಸೈಟಿಗೆ ಆಯ್ಕೆಯಾದರೂ ಫ್ಲೆಕ್ಸು. ಶಿವಕಾಂತರು ಈ ಕೆಲಸಕ್ಕೆ ಮೊದಲು ಖಾಸಿಂಬೀ ಅಂಗಡಿಗೇ ಬಂದಿದ್ದರು. ಇವರು ಕೈಮುಗಿದು ಬೇಡ ಎಂದಿದ್ದಕ್ಕೆ ಬೇರೆ ಊರಲ್ಲಿ ಮುದ್ರಿಸಿ ತಂದಿದ್ದರು.

ಅಂಗಡಿಯಿಂದ ಏಣಿ, ಕಾಗದ ಕತ್ತರಿಸುವ ಬ್ಲೇಡು ತಂದು ಖಾಸಿಂಬೀ ಕಂಬ ಹತ್ತುವ ಹೊತ್ತಿಗೆ ಶಿವಕಾಂತರೇ ಬಂದರು.

"ತಂಗೀ, ಇಳಿ ಕೆಳಗ. ಹೆಸರು ಹಾಕಿಲ್ಲವ್ವಾ, ಬರೇ ಫೋಟೋ."

"ಅಣ್ಣಾರ, ಫೋಟೋ ನೋಡಿದ ಮ್ಯಾಲ ಹೆಸರು ಯಾರಿಗೆ ಬೇಕ್ರಿ?"

"ಕಪ್ ಗೆದ್ದವರಿಗೆ ಹಾಕ್ತೀವಿ. ಈ ಕೂಸು ಕಪ್ಪಿಗಿಂತ ದೊಡ್ಡದು ಮಾಡೇತಿ. ಅದಕ್ಕ ಮರ್ಯಾದಿ ಕೊಡಬಾರದಾ?"

"ಆಕಿ ಅಪ್ಪ ಇದನ್ನ ನೋಡಿದ್ರ ನಾಳಿಯಿಂದ ಮೈದಾನಕ್ಕ ಕಳಿಸೂದಿಲ್ರಿ. ಆಕಿ ಒಬ್ಬಾಕಿನ್ನ ಅಲ್ಲ, ಯಾರೂ ಕಳಿಸೂದಿಲ್ಲ. ಅದು ಮರ್ಯಾದೀನಾ?"

ಶಿವಕಾಂತರು ಏಣಿ ಅಲುಗದಂತೆ ಹಿಡಿದುಕೊಂಡರು.

ಫ್ಲೆಕ್ಸು ಮೇಲಿದ್ದದ್ದು ನಲವತ್ತು ನಿಮಿಷ. ಅಷ್ಟರಲ್ಲಿ ಲಿಂಗಸುಗೂರಿನ ಒಬ್ಬ ಚಾನೆಲ್ಲಿನವರು ಬಸ್ಸಿನ ಕಿಟಕಿಯಿಂದಲೇ ಫೋಟೋ ತೆಗೆದಿದ್ದರು. ಹತ್ತು ಗಂಟೆಗೆ ಅವರ ಫೋನು ಬಂತು: ನೀವೇ ಹಾಕಿದ್ದೀರಲ್ಲ, ನಾವು ತೋರಿಸಿದರೆ ಏನು ತಪ್ಪು? ಖಾಸಿಂಬೀ ಅಂಗಡಿ ಮುಚ್ಚಿ ಮುಂದಿನ ಬಸ್ಸು ಹತ್ತಿದರು. ಆ ಚಾನೆಲ್ಲಿನ ಕಚೇರಿಯ ಬೆಂಚಿನ ಮೇಲೆ ಮಧ್ಯಾಹ್ನದ ತನಕ ಕೂತರು.

"ತಪ್ಪು ನಮ್ಮದ ಅಂತ ಮೊದಲ ಹೇಳಿದೆ. ಅದನ್ನ ಬರಕೋರಿ, ಕ್ಲಬ್ ತಪ್ಪು ಮಾಡೇತಿ ಅಂತ ಸುದ್ದಿ ಹಾಕ್ರಿ, ನನ್ನ ಮುಖ ತೋರಸ್ರಿ. ಆಕಿ ಮುಖ ಮಾತ್ರ ಅಳಿಸ್ರಿ ಅಂದೆ. ಎರಡು ಸಲ ಚಾ ಕೊಟ್ರು. ಮೂರನೇ ಸಲ ಫೋನು ನನ್ನ ಮುಂದ ಇಟ್ಟು ಅಳಿಸಿದ್ರು. ಡಿಲೀಟ್ ಆದದ್ದು ಇನ್ನೊಂದು ಡಬ್ಬಿಯೊಳಗ ಉಳದಿರ್ತೈತಿ, ಅದನ್ನೂ ತಗಸಿದೆ." ಅಂದು ಸಂಜೆ 'ಕ್ಲಬ್ ಎಡವಟ್ಟು' ಎಂದು ಸುದ್ದಿ ಬಂತು. ಅದರಲ್ಲಿ ಖಾಸಿಂಬೀ ಮುಖ ಬ್ಲರ್ ಇಲ್ಲದೆ ಇತ್ತು.

ಆ ಫ್ಲೆಕ್ಸನ್ನು ಅವರು ಅಂಗಡಿಯಲ್ಲಿ ಬೆರಳಗಲದ ಚೂರು ಮಾಡಿ ಹಾಕಿದರು. ಈಗ ಕ್ಲಬ್ಬಿನ ನಿಯಮ ಪಟ್ಟಿಯಲ್ಲಿ ಒಂದು ಸಾಲು ಹೆಚ್ಚಾಗಿದೆ: ಕಾರ್ಯದರ್ಶಿ ನೋಡದೆ ಯಾವ ಮಗುವಿನ ಫೋಟೋವೂ ಫ್ಲೆಕ್ಸಿಗೆ ಹೋಗಬಾರದು. ಅದರ ಕೆಳಗೆ ಮೊದಲ ಸಹಿ ಶಿವಕಾಂತರದು.

ಏಳು ಗಂಟೆ. ಆಟ ಮುಗಿಯುತ್ತಿದೆ. ಸುದ್ದಿ ಬಂದಾಗ ಹನ್ನೊಂದು ಹುಡುಗಿಯರನ್ನು ಮನೆಯವರು ಬಿಡಿಸಿದ್ದರು. ಎಷ್ಟು ಜನ ಮರಳಿದರು ಎಂದು ಕೇಳಿದರೆ ಖಾಸಿಂಬೀ ನನ್ನನ್ನು ಓರೆಗಣ್ಣಿನಿಂದ ನೋಡುತ್ತಾರೆ. "ಲೆಕ್ಕ ಹಾಕಿ ಆಕಿ ಯಾರಂತ ಹಿಡೀಬೇಕು ಅಂತ ಮಾಡೀರೇನ್ರಿ? ಕೆಲವರು ಬಂದಾರ, ಹೊಸಬರೂ ಬಂದಾರ. ಈಗ ಇಪ್ಪತ್ತೇಳು ಮಂದಿ ಆಡಾಕತ್ಯಾರ."

ಅಷ್ಟರಲ್ಲಿ ಸಾಲಿನಿಂದ ಒಬ್ಬಳು ಎದ್ದು ಓಡುತ್ತಾಳೆ, ಇನ್ನೊಬ್ಬಳು ಮುಟ್ಟಿಸಿಕೊಂಡು ನಗುತ್ತಾ ಹೊರಬರುತ್ತಾಳೆ. ನಾನು ನೋಡುತ್ತಿರುವುದನ್ನು ಅವರು ನೋಡುತ್ತಾರೆ.

"ಆಕಿ ಇದರಾಗ ಅದಾಳೋ ಇಲ್ಲೋ, ಗೊತ್ತಾತೇನ್ರಿ?"

ಇಲ್ಲ ಎನ್ನುತ್ತೇನೆ.

"ಹಂಗಂದ್ರ ಬರಕೋರಿ," ಎನ್ನುತ್ತಾ ಖಾಸಿಂಬೀ ಎರಡೂ ಪುಸ್ತಕ ಚೀಲಕ್ಕೆ ಹಾಕುತ್ತಾರೆ. "ನನ್ನ ಕೆಲಸ ನೆಟ್ಟಗ ನಡದೈತಿ."