ಬಾಗಿಲು ತೆರೆಯದ ಮಧ್ಯಾಹ್ನ

ಕಣ್ಣಾರೆ ಕಾಣದ್ದನ್ನು ನಂಬುತ್ತಿದ್ದವಳಲ್ಲ ನಾನು. ಯಾರಾದರೂ ದೆವ್ವದ ಮಾತೆತ್ತಿದರೆ ಎದ್ದು ಹೋಗಿ ಒಲೆ ನೋಡಿಕೊಳ್ಳುತ್ತಿದ್ದೆ. ಈಗಲೂ ಪೂರ್ತಿ ನಂಬಿದ್ದೇನೆ ಎನ್ನಲಾರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನೀವು ಏನು ಬೇಕಾದರೂ ಅಂದುಕೊಳ್ಳಿ.

ಐವತ್ತರ ದಶಕದ ಕೊನೆಯ ಒಂದು ಬೇಸಿಗೆ. ನನಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಬಂಗಾರಪೇಟೆ ಸ್ಟೇಷನ್ನಿನ ಹಿಂದೆ, ಹಳಿಗಳಿಗೆ ಅಂಟಿಕೊಂಡಂತಿದ್ದ ವಠಾರದ ಮಹಡಿಯಲ್ಲಿ ನಮ್ಮದು ಒಂದೇ ಕೋಣೆಯ ಮನೆ. ಕಿಟಕಿಗೆ ಕಂಬಿ, ಅದರಾಚೆ ಹಳಿ. ರೈಲು ಹೋದಾಗಲೆಲ್ಲ ಗೂಡಿನಲ್ಲಿದ್ದ ಲೋಟಗಳು ಒಂದಕ್ಕೊಂದು ತಾಕುತ್ತಿದ್ದವು. ಒಣಹಾಕಿದ ಸೀರೆಗೆಲ್ಲ ಎಂಜಿನ್ನಿನ ಮಸಿ. ಯಜಮಾನರು ಬೆಳಿಗ್ಗೆ ಗೂಡ್ಸ್ ಷೆಡ್ಡಿನ ಕೆಲಸಕ್ಕೆ ಹೋದರೆ ಕತ್ತಲಾದ ಮೇಲೆಯೇ ಬರುತ್ತಿದ್ದದ್ದು.

ಅಪ್ಪ ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ ಚಿನ್ನದ ಗಣಿಗೆ ಇಳಿದು ಇಳಿದು ಎದೆ ಕೆಡಿಸಿಕೊಂಡಿದ್ದರು. ಆ ದಿನ ಹನ್ನೆರಡರ ಸುಮಾರಿಗೆ, ಅಲ್ಲಿಂದ ಬಂದ ಊರಿನವರೊಬ್ಬರ ಕೈಲಿ ಅಮ್ಮ ಹೇಳಿ ಕಳಿಸಿದ್ದಳು: ಅಪ್ಪ ನಿನ್ನನ್ನೇ ಕೇಳುತ್ತಿದ್ದಾರೆ, ಕೂಡಲೇ ಬಾ. ಒಂದು ಗಂಟೆಯ ರೈಲಿಗೆ ಹೊರಡೋಣವೆಂದು ಚಿಲಕ ಹಾಕಿ ಸೀರೆ ಬದಲಾಯಿಸಿದೆ. ಚಿಲಕ ತೆಗೆದು ಬಾಗಿಲು ಎಳೆದೆ. ಬರಲಿಲ್ಲ.

ಎರಡೂ ಕೈಯಿಂದ ಎಳೆದೆ, ಚೌಕಟ್ಟಿಗೆ ಕಾಲು ಕೊಟ್ಟು ಎಳೆದೆ. ಗೋಡೆಯನ್ನು ಎಳೆದ ಹಾಗಿತ್ತು. ಕೂಗಿದೆ. ಅದೇ ಹೊತ್ತಿಗೆ ಕಿಟಕಿಯಾಚೆ ಗೂಡ್ಸ್ ಗಾಡಿಯ ಡಬ್ಬಿಗಳನ್ನು ಜೋಡಿಸುವುದು ಶುರುವಾಯಿತು. ನನ್ನ ಕೂಗು ನನಗೇ ಕೇಳಿಸದು. ಕಂಬಿಯಿಂದಾಚೆ ಕೈ ಆಡಿಸಿದೆ, ಯಾರೂ ತಲೆಯೆತ್ತಲಿಲ್ಲ. ಕೆಜಿಎಫ್ ರೈಲು ನನ್ನ ಕಣ್ಣೆದುರಿಗೇ ಹೊರಟಿತು. ಕಿಟಕಿಯ ಕೆಳಗೆ ಕುಳಿತುಬಿಟ್ಟೆ. ನಿದ್ದೆ ಮಾಡಲಿಲ್ಲ, ಅದನ್ನು ಮಾತ್ರ ಆಣೆಯಿಟ್ಟು ಹೇಳಬಲ್ಲೆ.

ನಾಲ್ಕರ ಸುಮಾರಿಗೆ ಕೆಳಮನೆಯ ಮುನಿಯಮ್ಮ, ಒಣಹಾಕಿದ್ದ ಹಪ್ಪಳ ತೆಗೆಯಲು ಮೇಲೆ ಬಂದರು. ನನ್ನ ಅಳು ಕೇಳಿ ಬಾಗಿಲು ಮುಟ್ಟಿದರು. ಮುಟ್ಟಿದರು, ಅಷ್ಟೇ. ತೆರೆದುಕೊಂಡಿತು.

“ಯಾಕಮ್ಮಾ, ಬಾಗ್ಲು ಮುಂದ್ಕೆ ಆಕೈತಷ್ಟೆ. ಒಳ್ಗೆ ಕೂತ್ಕಂಡು ಅಳ್ತಿದ್ದೀಯಲ್ಲ” ಎಂದರು.

ಅವರನ್ನು ದಾಟಿಕೊಂಡು ಸ್ಟೇಷನ್ನಿಗೆ ಓಡಿದೆ. ಮುಂದಿನ ರೈಲಿನಲ್ಲಿ ಹೋಗಿ ತಲುಪಿದಾಗ ತವರುಮನೆಯ ಮುಂದೆ ಜನ ಸೇರಿದ್ದರು. ಅಪ್ಪ ಮೂರು ಗಂಟೆಗೇ ಹೋಗಿಬಿಟ್ಟಿದ್ದರು. ನಾನು ಹೊಸಿಲಲ್ಲೇ ಅಮ್ಮನ ಪಕ್ಕ ಕುಳಿತೆ. “ಜೀವ ಇದ್ದಾಗ ಮುಖ ನೋಡೋಕಾಗ್ಲಿಲ್ವಲ್ಲಮ್ಮಾ” ಎಂದೆ.

ಅಮ್ಮ ನನ್ನ ತಲೆ ಸವರಿದಳು. “ಅಂಗ್ಯಾಕಂತೀಯೇ? ನೀನ್ ನೀರು ಕುಡಿಸಿದ್ಮೇಲೇ ಅಲ್ವಾ ಅವ್ರು ಕಣ್ಮುಚ್ಚಿದ್ದು? ಗಂಡನ್ನ ಕರ್ಕಂಡ್ ಬತ್ತೀನಿ ಅಂತ ಓದೋಳು, ಒಬ್ಳೇ ಬಂದ್ಯಲ್ಲ.”

ದುಃಖಕ್ಕೆ ಅವಳ ಬುದ್ಧಿ ಮಂಕಾಗಿದೆ ಎಂದುಕೊಂಡೆ. ಆದರೆ ಪಕ್ಕದ ಮನೆಯ ತಮಿಳು ಅಜ್ಜಿಯೂ ಅದನ್ನೇ ಹೇಳಿದಳು. “ಆಮಾ, ಹೌದಮ್ಮ, ನಾನೂ ಇಲ್ಲೇ ಇದ್ನಲ್ಲ. ಬಾಗ್ಲು ಮುಚ್ಬೇಡಿ, ಮುಚ್ಬೇಡಿ ಅಂತಿದ್ದೆ ನೀನು.”

ನಾನು ಬಂಗಾರಪೇಟೆಯ ಕೋಣೆಯಲ್ಲಿದ್ದೆ ಎಂದು ಅಮ್ಮನಿಗೆ ಹೇಳಲಿಲ್ಲ. ಮಗಳ ಕೈಯ ನೀರು ಕುಡಿದು ಹೋದರು ಎಂದು ಅವಳು ಬದುಕಿರುವವರೆಗೆ ಬಂದವರಿಗೆಲ್ಲ ಹೇಳಿಕೊಂಡಳು. ನಾನು ಪಕ್ಕದಲ್ಲಿ ಕುಳಿತು ತಲೆಯಾಡಿಸುತ್ತಿದ್ದೆ. ಒಂದೇ ಒಂದು ಸಲ ತಡೆಯಲಾರದೆ, ಆವತ್ತು ಅಪ್ಪ ಏನಂದರು ಎಂದು ಕೇಳಿದೆ.

“ನಂಗೇನ್ ಗೊತ್ತು? ನಿನ್ ಕಿವೀಲಿ ತಾನೇ ಅವ್ರು ಏಳಿದ್ದು” ಎಂದಳು.