ಶಾಂತವೀರಪ್ಪನವರ ಗೇಟಿನಲ್ಲಿ ತಿರುಗಿ ನೋಡದವರು

ತೊಗರ್ಸಿಯ ಶಾಂತವೀರಪ್ಪನವರು ತೀರಿಕೊಂಡ ದಿನ ಅವರ ಕೈಯಿಂದ ಕೊನೆಯದಾಗಿ ಉಳುಕು ತೆಗೆಸಿಕೊಂಡವರು ತಾವೇ ಎಂದು ನನಗೆ ಎಂಟು ಮಂದಿ ಹೇಳಿದ್ದಾರೆ. ಅವರಲ್ಲಿ ಒಬ್ಬರು ಆ ವಾರ ಜಿಲ್ಲೆಯಲ್ಲೇ ಇರಲಿಲ್ಲ. ಇನ್ನೊಬ್ಬರು ಅವರಲ್ಲಿಗೆ ಹೋಗಿದ್ದು ಹಿಂದಿನ ತಿಂಗಳು. ಆದರೂ ಅವನ್ನು ಸುಳ್ಳೆಂದು ಹೊಡೆದುಹಾಕಲು ಮನಸ್ಸಾಗಲಿಲ್ಲ. ಕೊನೆಯ ಸಲ ಆ ಕೈ ಮುಟ್ಟಿದ್ದು ತಮ್ಮನ್ನೇ ಆಗಿರಲಿ ಎಂದು ಇಷ್ಟೊಂದು ಜನ ಬಯಸುವುದೂ ಒಂದು ದಾಖಲೆಯೇ. ಅದು ತಾನಾಗಿರದಿರಲಿ ಎಂದು ಬೇಡಿಕೊಂಡವರು ಒಬ್ಬರೇ ಒಬ್ಬರು.

2023ರ ಜೂನ್ ಹದಿನೈದು, ಗುರುವಾರ ಶಾಂತವೀರಪ್ಪನವರು ಹೋದರು. ಎಪ್ಪತ್ತೆಂಟು ವರ್ಷವಾಗಿತ್ತು. ಹೆಂಡತಿ ರಾಜೇಶ್ವರಮ್ಮ ಬೆಳಿಗ್ಗೆಯೇ ಶಿರಾಳಕೊಪ್ಪದ ನೆಂಟರ ಮನೆಗೆ ಹೋಗಿದ್ದರು. ಸಂಜೆ ಆರಕ್ಕೆ ಮರಳಿ ಬಂದಾಗ ಗಂಡ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ನಿದ್ದೆ ಬಂದಿರಬೇಕೆಂದು ಅವರು ಒಳಗೆ ಹೋಗಿ ಕಾಫಿಗೆ ನೀರಿಟ್ಟು ಬಂದರಂತೆ. ಎದೆಬಡಿತ ನಿಂತಿದೆ ಎಂದು ಡಾಕ್ಟರು ಹೇಳಿದರು. ಎಷ್ಟು ಹೊತ್ತಿಗೆ ನಿಂತಿತೆಂದು ಆ ಗಡಿಬಿಡಿಯಲ್ಲಿ ಯಾರೂ ಕೇಳಲಿಲ್ಲ.

ಅವರ ಮನೆಗೆ ಬೋರ್ಡು ಇರಲಿಲ್ಲ. ಬಸ್ಸಿಳಿದು ಸೊಂಟ ಹಿಡಿದುಕೊಂಡು ನಿಂತವರಿಗೆ ಅಂಗಡಿಯವರೇ ದಾರಿ ತೋರಿಸುತ್ತಿದ್ದರು. ಹೊಲದ ಕೆಲಸದ ನಡುವೆ ಈ ವಿದ್ಯೆಯನ್ನು ಅವರು ಕಲಿತದ್ದು ಅಜ್ಜನಿಂದ. ಅಜ್ಜ ಎತ್ತುಗಳ ಜಾರಿದ ಕೀಲು ಕೂಡಿಸುತ್ತಿದ್ದವರು. "ಎತ್ತು ಬಾಯಿಬಿಟ್ಟು ಹೇಳಲ್ಲ, ಅದರ ನಡಿಗೇನೇ ಹೇಳ್ತೈತಿ" ಎಂಬುದು ಅಜ್ಜನ ಮಾತು. ಆದ್ದರಿಂದ ಶಾಂತವೀರಪ್ಪನವರು ಬಂದವರ ಬಾಯಿಮಾತನ್ನು ಆಮೇಲೆ ಕೇಳುತ್ತಿದ್ದರು. ಗೇಟಿನಿಂದ ಜಗಲಿಯವರೆಗೆ ನಡೆಸಿ, ಹೆಜ್ಜೆ ನೋಡಿ, ಹರಳೆಣ್ಣೆ ಬಿಸಿಗಿಡುತ್ತಿದ್ದರು. ಮುರಿದಿದೆ ಎಂಬ ಅನುಮಾನ ಬಂದರೆ ಮುಟ್ಟದೆ ಎಕ್ಸ್‌ರೇಗೆ ಕಳಿಸುತ್ತಿದ್ದರು. "ಮುರಿದಿದ್ದು ಡಾಕ್ಟರದ್ದು, ಜಾರಿದ್ದು ನಂದು."

ಇಂಥ ಹಳ್ಳಿವೈದ್ಯರ ಬಗ್ಗೆ ಜನರ ನೆನಪುಗಳನ್ನು ದಾಖಲಿಸುವುದು ನನ್ನ ಕೆಲಸ. ಶಾಂತವೀರಪ್ಪನವರ ರೋಗಿಗಳಿಗೆಲ್ಲ ನಾನು ಅದೇ ನಾಲ್ಕು ಪ್ರಶ್ನೆ ಕೇಳುತ್ತ ಹೋದೆ. ಏನು ನೋಯುತ್ತಿತ್ತು? ಯಾರು ಕರೆದೊಯ್ದರು? ಕೈ ಹಾಕುವಾಗ ಅವರು ಏನು ಕೇಳಿದರು? ಹೇಗೆ ಹೊರಟಿರಿ? ಮೂರನೆಯದಕ್ಕೆ ಎಲ್ಲರ ಮುಖವೂ ಅರಳುತ್ತಿತ್ತು. ಏಕೆಂದರೆ ಕೀಲು ಕೂಡಿಸುವ ಗಳಿಗೆಯಲ್ಲಿ ಅವರು ಏನಾದರೊಂದು ಕೇಳಿ ಮನಸ್ಸನ್ನು ಬೇರೆಡೆಗೆ ಎಳೆಯುತ್ತಿದ್ದರು.

"ಹದಿನೇಳರ ಮಗ್ಗಿ ಹೇಳಮ್ಮ ಅಂದ್ರು" ಎಂದರು ಉಡುತಡಿಯ ಶಾಲೆಯ ಟೀಚರು ಚೈತ್ರ. "ಹದಿನೇಳಾರ್ಲೆ ನೂರಾ ಎರಡು ಅನ್ನೋದ್ರೊಳಗೆ ಸೊಂಟದಾಗೆ ಟಕ್ ಅಂತು. ಈಗ ಮಕ್ಕಳು ನೂರಾ ಎರಡಕ್ಕೆ ಬಂದ್ರೆ ನನ್ನ ಬೆನ್ನು ತಾನೇ ನೆಟ್ಟಗಾಗ್ತೈತ್ರೀ."

ರೈತ ಕರಿಯಣ್ಣನಿಗೆ ಕೇಳಿದ್ದು ಹೆಂಡತಿಯ ತವರುಮನೆಯ ನಾಯಿಯ ಹೆಸರನ್ನು. "ಯೋಚ್ನೆ ಮಾಡ್ತಾ ಇದ್ದೆ, ಭುಜ ಒಳಗೆ ಹೋಗೇಬಿಡ್ತು. ಅವರ ಮನೇಲಿ ನಾಯೇ ಇಲ್ಲ ಅಂತ ಬಸ್ಸು ಹತ್ತಿದ್ಮೇಲೆ ನೆನಪಾತು!"

ನಾಲ್ಕನೆಯ ಪ್ರಶ್ನೆಗೆ ಮಾತ್ರ ಎಲ್ಲರದೂ ಒಂದೇ ಉತ್ತರ. ಆ ಮನೆಯಿಂದ ಹೊರಡುವಾಗ ಯಾರೂ "ಬರ್ತೀನಿ" ಅನ್ನುತ್ತಿರಲಿಲ್ಲ. ಗೇಟು ದಾಟಿ ರಸ್ತೆಯ ತಿರುವು ಬರುವವರೆಗೆ ಹಿಂದಿರುಗಿ ನೋಡುತ್ತಲೂ ಇರಲಿಲ್ಲ. ನೋಡಿದರೆ ಬಿಟ್ಟುಬಂದ ನೋವು ಬೆನ್ನು ಹತ್ತಿ ಬರುತ್ತದೆ ಎಂಬ ನಂಬಿಕೆ ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನಲ್ಲಿ ಹರಡಿತ್ತು.

ಸೆಪ್ಟೆಂಬರಿನಲ್ಲಿ ರಾಜೇಶ್ವರಮ್ಮನವರ ಮಾತು ದಾಖಲಿಸಿ ಮುಗಿಸಿದಾಗ ಅವರು ನನ್ನನ್ನೊಂದು ಕೇಳಿದರು. "ಸೊರಬದ ಗೋಪಾಲಪ್ಪನ್ನ ನೋಡಿದ್ರೇನು? ಬಸ್ ಸ್ಟ್ಯಾಂಡ್ ಹಿಂದೆ ಟೈಲರ್ ಅಂಗಡಿ. ನಲವತ್ತು ವರ್ಷದ ಸ್ನೇಹ ರೀ. ನಮ್ಮನೆಯವರು ಕಟ್ಟೋ ಪಟ್ಟಿ ಬಟ್ಟೆ ಎಲ್ಲಾ ಅವರೇ ತಂದುಕೊಡ್ತಿದ್ದಿದ್ದು. ಮಣ್ಣಿಗೆ ಬರ್ಲಿಲ್ಲ, ಗಣಾರಾಧನೆ ಊಟಕ್ಕೂ ಬರ್ಲಿಲ್ಲ. ಫೋನ್ ಮಾಡಿದ್ರೆ ಎತ್ತಲ್ಲ. ನಮ್ದೇನು ತಪ್ಪಾತು ಅಂತ ಕೇಳ್ಕೊಂಡು ಬರ್ರಿ."

ಗೋಪಾಲಪ್ಪನವರ ಅಂಗಡಿಯಲ್ಲಿ ಹೊಲಿಗೆಯಂತ್ರದ ಪಕ್ಕದ ಮೊಳೆಗೆ ಒಂದು ಚೀಲ ತೂಗುಹಾಕಿತ್ತು. ಅಂಗೈಯಗಲದ ಬಟ್ಟೆಪಟ್ಟಿಗಳನ್ನು ಸುರುಳಿ ಸುತ್ತಿ ಅದರಲ್ಲಿ ತುಂಬಿದ್ದರು. ಮೊದಲ ಮೂರು ಪ್ರಶ್ನೆಗೆ ಅವರು ಯಂತ್ರ ತುಳಿಯುತ್ತಲೇ ಉತ್ತರಿಸಿದರು. ಕುತ್ತಿಗೆ ನೋವು, ಬಗ್ಗಿ ಹೊಲಿಯುವವರಿಗೆ ಅದು ಬಿಟ್ಟದ್ದಲ್ಲ. ಯಾರೂ ಕರೆದೊಯ್ಯಲಿಲ್ಲ, ತಾವೇ ಹೋಗಿದ್ದು. ಪ್ರತಿಸಲ ಕೇಳುತ್ತಿದ್ದದ್ದು ಒಂದೇ: "ಏಯ್ ಗೋಪಾಲ, ನನ್ನ ಅಂಗಿ ಯಾವಾಗ ಕೊಡ್ತೀಯ?"

"ಹೇಗೆ ಹೊರಟಿರಿ?" ಎಂದೆ. ಯಂತ್ರ ನಿಂತಿತು.

"ಹದಿನೈದನೇ ತಾರೀಕು ಬೆಳಿಗ್ಗೆ ನಾ ಅಲ್ಲೇ ಇದ್ದೆ ಮಾರಾಯ್ರೇ" ಎಂದರು ಕೊನೆಗೆ. "ಕುತ್ತಿಗೆ ಕೂಡಿಸಿದ್ರು. ಹನ್ನೊಂದೂವರೆ ಬಸ್ಸಿಗೆ ಅಂತ ಹೊರಟೆ. ಗೇಟಿನ ಹತ್ರ ಬಂದಿದ್ದೆ ಅಷ್ಟೆ, ಹಿಂದೆ ದಡ್ ಅಂತ ಸದ್ದಾಯ್ತು. ಚೊಂಬು ಉರುಳಿದ ಹಾಗೆ. ಅವರು ಏನೋ ಅಂದ್ರು, ನನ್ನ ಹೆಸರೂ ಇರ್ಬೇಕು ಅದ್ರಲ್ಲಿ. ನಾ ತಿರುಗ್ಲಿಲ್ಲ. ತಿರುಗಬಾರದಲ್ಲ! ಹಾಗೇ ನಡೆದು ಬಸ್ಸು ಹತ್ತಿದೆ. ಮರುದಿನ ಬೆಳಿಗ್ಗೆ ಸುದ್ದಿ ಬಂತು." ಅವರು ಕತ್ತರಿಯನ್ನು ಎತ್ತಿ ಮತ್ತೆ ಅಲ್ಲೇ ಇಟ್ಟರು. "ಬಿದ್ದಿದ್ದು ಚೊಂಬಲ್ಲ, ಅವರೇ. ತಿರುಗಿ ನೋಡಿದ್ರೆ ಆಸ್ಪತ್ರೆಗೆ ಒಯ್ಯಬಹುದಿತ್ತು. ರಾಜಕ್ಕನ ಮುಖ ಹ್ಯಾಗೆ ನೋಡ್ಲಿ ಹೇಳಿ?"

ಒಬ್ಬರ ಹೇಳಿಕೆಯನ್ನು ಇನ್ನೊಬ್ಬರ ಬಳಿಗೆ ಒಯ್ಯಬಾರದೆಂಬುದು ಈ ಕೆಲಸದ ನಿಯಮ. ಆದರೆ ನನ್ನ ಎಂಟು ಮಂದಿಯ ಪಟ್ಟಿಯಲ್ಲಿ ಶಿಕಾರಿಪುರದ ಕೊಟ್ರೇಶನ ಹೆಸರಿತ್ತು. ಲಗೇಜ್ ಆಟೋ ಓಡಿಸುವ ಅವನು ತಾನು ಅದೇ ದಿನ ಮಧ್ಯಾಹ್ನದ ಮೇಲೆ ಹೋಗಿದ್ದೆನೆಂದು ಹೇಳಿದ್ದ. ಬೇರೆ ಸಾಕ್ಷಿಯಿಲ್ಲದ್ದರಿಂದ ಅದನ್ನೂ ಉಳಿದ ಏಳರ ಜೊತೆಗೇ ಇಟ್ಟಿದ್ದೆ. ಗೋಪಾಲಪ್ಪನವರ ಒಪ್ಪಿಗೆ ಪಡೆದು ಕೊಟ್ರೇಶನಿಗೆ ಫೋನ್ ಮಾಡಿದೆ. ಮಾರನೆಯ ದಿನ ಸೊರಬಕ್ಕೆ ಲೋಡು ಇತ್ತು. ಅದನ್ನಿಳಿಸಿ ನೇರ ಅಂಗಡಿಗೇ ಬಂದ.

"ಕೊನೆಯೋನು ನಾನೇ ಅಂದ್ರೆ ಯಾರೂ ನಂಬಲ್ರೀ" ಎಂದು ಅವನು ಬಾಗಿಲಲ್ಲೇ ಶುರುಮಾಡಿದ. "ರಾಜೇಶ್ವರಮ್ಮಾರಿಗೂ ಹೇಳಿದ್ದೆ. 'ಬಂದೋರೆಲ್ಲ ಕೊನೆಯೋರೇ ಬಿಡಪ್ಪ' ಅಂದ್ರು."

"ಎಷ್ಟು ಗಂಟೆಗೆ ಹೋಗಿದ್ದೆ ತಮ್ಮಾ?" ಗೋಪಾಲಪ್ಪನವರು ಕೇಳಿದರು.

"ನಾಲ್ಕು ಹೊಡೆದಿತ್ತು. ಮೊಣಕೈ ಜಾರಿತ್ರೀ. ಕೂಡಿಸಿ ಪಟ್ಟಿ ಕಟ್ಟಿದ್ರು. ಹೆಂಡ್ತಿಗೆ ಕಳ್ಸಾಕೆ ಅಂತ ಅಲ್ಲೇ ಒಂದು ಫೋಟೋ ಹೊಡ್ಕೊಂಡಿದ್ದೆ, ನೋಡ್ರಿ." ಫೋನು ಮುಂದೆ ಹಿಡಿದ.

ಚಿತ್ರದಲ್ಲಿ ಕೊಟ್ರೇಶನ ಮೊಣಕೈ, ಅದರ ಮೇಲೆ ಗಂಟು ಬಿಗಿಯುತ್ತಿರುವ ಒಂದು ಮುದಿ ಕೈ. ಕೆಳಗೆ ತಾರೀಕಿಲ್ಲ, ಬರೀ ವೇಳೆ: ನಾಲ್ಕು ಗಂಟೆ ಹನ್ನೆರಡು ನಿಮಿಷ. ಗೋಪಾಲಪ್ಪನವರು ವೇಳೆಯನ್ನು ನೋಡಲಿಲ್ಲ. ಕನ್ನಡಕ ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ತಂದು ಪಟ್ಟಿಯ ಬಟ್ಟೆಯನ್ನೇ ನೋಡಿದರು. ತಿಳಿನೀಲಿ, ಸಣ್ಣ ಚೌಕಳಿ.

"ಇದು ಸ್ಕೂಲ್ ಯೂನಿಫಾರಂ ಬಟ್ಟೆ" ಎಂದರು. "ಈ ವರ್ಷವೇ ಹೊಸದಾಗಿ ಬಂದಿದ್ದು. ಹದಿನಾಲ್ಕನೇ ತಾರೀಕು ಕತ್ತರಿಸಿದ್ದು ನಾನು. ಹದಿನೈದರ ಬೆಳಿಗ್ಗೆ ನಾನೇ ಒಯ್ದು ಕೊಟ್ಟಿದ್ದು. ಅದಕ್ಕಿಂತ ಮುಂಚೆ ಅವರ ಹತ್ರ ಈ ಬಟ್ಟೆ ಇರ್ಲೇ ಇಲ್ಲ!"

ಅಂದರೆ ಗೋಪಾಲಪ್ಪ ಗೇಟು ದಾಟಿದ ನಾಲ್ಕೂವರೆ ಗಂಟೆಯ ಮೇಲೂ ಶಾಂತವೀರಪ್ಪನವರು ಅವರೇ ತಂದ ಪಟ್ಟಿಗೆ ಗಟ್ಟಿ ಗಂಟು ಹಾಕುತ್ತ ಕೂತಿದ್ದರು.

"ನೀವೇನ್ರೀ ಆ ಗೋಪಾಲ?" ಕೊಟ್ರೇಶ ಕಣ್ಣರಳಿಸಿದ. "ಅಜ್ಜಾರು ನಕ್ಕಿದ್ದೇ ನಕ್ಕಿದ್ದು ಅವತ್ತು! ಬೆಳಿಗ್ಗೆ ಚೊಂಬಿಗೆ ಕಾಲು ತಾಗಿ ಮೆಟ್ಟಿಲಿಂದ ಉರುಳ್ತಂತೆ. 'ಅಷ್ಟು ಸದ್ದಾದ್ರೂ ಗೋಪಾಲ ತಿರುಗ್ಲಿಲ್ಲ ನೋಡು, ಭಲೇ ಗೋಪಾಲ ಅಂತ ಕೂಗೇಬಿಟ್ಟೆ. ನಲವತ್ತು ವರ್ಷಕ್ಕೆ ಇವನಿಗೂ ಬುದ್ಧಿ ಬಂತು' ಅಂದ್ರು."

ಗೋಪಾಲಪ್ಪನವರು ಸ್ಟೂಲಿನ ಮೇಲೆ ಕೂತರು. ಆಮೇಲೆ ಎದ್ದು ಮೊಳೆಯ ಮೇಲಿನ ಚೀಲ ತೆಗೆದುಕೊಂಡು, ಅರ್ಧ ಹೊಲಿದ ಬ್ಲೌಸನ್ನು ಯಂತ್ರದ ಸೂಜಿಯಡಿಯಲ್ಲೇ ಬಿಟ್ಟು, ಅಂಗಡಿಯ ಬಾಗಿಲೆಳೆದರು. "ತಮ್ಮಾ, ತೊಗರ್ಸಿ ಮೇಲೆ ಹೋಗ್ತೀಯಾ?"

ಲಗೇಜ್ ಆಟೋದಲ್ಲಿ ಮೂವರೂ ಇಕ್ಕಟ್ಟಾಗಿ ಕೂತು ಹೋದೆವು. ರಾಜೇಶ್ವರಮ್ಮ ಬಾಗಿಲಿಗೆ ಬಂದು ನಿಂತರು.

"ಬಂದ್ರಾ? ದಾರಿ ಮರ್ತೀರೇನೋ ಅನ್ಕೊಂಡಿದ್ದೆ."

"ಅಕ್ಕ, ಅವತ್ತು ಬಿದ್ದ ಸದ್ದು ಕೇಳಿತ್ತು. ನಾ ತಿರುಗ್ಲಿಲ್ಲ. ಅವರೇ ಬಿದ್ರು ಅಂತ ತಿಳಿದು..." ಮುಂದಿನದನ್ನು ಕೊಟ್ರೇಶನೇ ಹೇಳಿ ಮುಗಿಸಬೇಕಾಯಿತು.

ಎಲ್ಲ ಕೇಳಿ ಅವರು ಒಳಗೆ ಹೋಗಿ ಒಂದು ಹಿತ್ತಾಳೆ ಚೊಂಬು ತಂದು ಜಗಲಿಯ ಮೇಲಿಟ್ಟರು. ಸುತ್ತಲೂ ನೆಗ್ಗು. "ಎಣಿಸ್ರಿ ಗೋಪಾಲಪ್ಪ. ಇಷ್ಟೂ ಒಂದೇ ದಿನಕ್ಕೆ ಬಿದ್ದಾವೇನು? ಅವರ ಎಡಗಣ್ಣಿಗೆ ಪೊರೆ ಬಂದಿತ್ತು, ಯಾರಿಗೂ ಹೇಳಗೊಡ್ತಿರ್ಲಿಲ್ಲ. ದಿನಕ್ಕೆ ಎರಡು ಸಲ ಒದೀತಿದ್ರು ಇದನ್ನ." ಹೇಳುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು, ನಗುತ್ತಲೂ ಇದ್ದರು. "ಇದಕ್ಕಾಗಿ ಮೂರು ತಿಂಗಳು ಮುಖ ತೋರಿಸ್ಲಿಲ್ವಾ? ನಾನು ಊಟಕ್ಕೆ ಕರೆಯೋದ್ರಾಗೆ ಏನು ತಪ್ಪು ಮಾಡಿದ್ನೋ ಅಂತ ನಿದ್ದೆಗೆಟ್ಟೆ."

ತಿರುಗಿ ನೋಡಬಾರದೆಂಬ ಕಟ್ಟಳೆಯ ಮೂಲವನ್ನು ಅವರು ಅಂದು ಮಂಡಕ್ಕಿ ಕಲಸುತ್ತ ಹೇಳಿದರು. ನಲವತ್ತು ವರ್ಷದ ಹಿಂದೆ ಹರೆಯದ ದರ್ಜಿಯೊಬ್ಬ ಕುತ್ತಿಗೆ ಕೂಡಿಸಿಕೊಂಡು, ಗೇಟಿನ ಹತ್ತಿರ ಗಕ್ಕನೆ ಹಿಂದಿರುಗಿ "ಬರ್ತೀನಿ" ಎಂದನಂತೆ. ಕೂಡಿಸಿದ ಕುತ್ತಿಗೆ ಅಲ್ಲೇ ಮತ್ತೆ ಹಿಡಿದುಕೊಂಡಿತು. ಅಂದಿನಿಂದ ಶಾಂತವೀರಪ್ಪನವರು ಎಲ್ಲರಿಗೂ ಹೇಳತೊಡಗಿದರು: ಬರ್ತೀನಿ ಅನ್ನಬೇಡಿ, ನೇರ ನೋಡಿಕೊಂಡು ಹೋಗಿ. ನೋವು ಬೆನ್ನು ಹತ್ತುತ್ತದೆಂಬುದನ್ನು ಜನ ಆಮೇಲೆ ಸೇರಿಸಿದ್ದು.

"ಆ ದರ್ಜಿ ಯಾರು ಅಂತಾನೂ ಬರ್ಕೊಳ್ರಿ" ಎಂದರು ನನಗೆ. ಗೋಪಾಲಪ್ಪನವರು ಮಂಡಕ್ಕಿಯ ತಟ್ಟೆಯ ಮೇಲೆ ಬಗ್ಗಿದರು.

ಚೀಲವನ್ನು ಬಿಚ್ಚಿ ನೋಡಿ ರಾಜೇಶ್ವರಮ್ಮ ಕೇಳಿದರು, "ಇನ್ನು ಇವನ್ನ ಯಾರಿಗೆ ಕಟ್ಟೋದು?"

"ಕತ್ತರಿ ಹಿಡಿದ್ರೆ ಕೈ ತಾನೇ ಪಟ್ಟಿ ಕತ್ತರಿಸ್ತದೆ ಅಕ್ಕ. ನಿಲ್ಸೋಕೆ ಆಗ್ಲಿಲ್ಲ."

ರಾಜೇಶ್ವರಮ್ಮ ಚೀಲವನ್ನು ಹರಳೆಣ್ಣೆಯ ಸೀಸೆಯ ಪಕ್ಕದ ಗೂಟಕ್ಕೆ ತೂಗುಹಾಕಿದರು.

ಕೊಟ್ರೇಶ ಹೊರಗೆ ಹಾರ್ನ್ ಹೊಡೆದ. ಗೋಪಾಲಪ್ಪನವರು ಅಂಗಳ ದಾಟಿದರು. ಗೇಟಿನ ಹತ್ತಿರ ನಿಂತರು. ಮೊದಲು ಕಾಲು, ಆಮೇಲೆ ಭುಜ, ಕೊನೆಗೆ ಕುತ್ತಿಗೆ, ಹೀಗೆ ಒಂದೊಂದಾಗಿ ಪೂರ್ತಿ ಹಿಂದಕ್ಕೆ ತಿರುಗಿದರು.

"ಬರ್ತೀನಿ ಅಕ್ಕ."

"ಬರ್ರಿ. ಕುತ್ತಿಗೆ ಹುಷಾರು! ಹಿಡ್ಕೊಂಡ್ರೆ ಕೂಡ್ಸೋರಿಲ್ಲ ಈಗ."

ಅವರು ಕುತ್ತಿಗೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿಸಿದರು. "ಏನೂ ಆಗ್ಲಿಲ್ಲ" ಎಂದರು. ಆಟೋ ಹತ್ತುವ ಮುನ್ನ, ಖಾತ್ರಿಗಾಗಿ, ಇನ್ನೊಂದು ಸಲ ಹಿಂದಿರುಗಿ ನೋಡಿದರು.